ಗುಣ ಕಂಡ ಮೇಲೆ

ಮಲೆನಾಡಿನಲ್ಲಿ ರೋಗಿಯ ಯೋಗಕ್ಷೇಮವನ್ನು ವಿಚಾರಿಸಲು ಬಂದವರು ಜಗಲಿಯ ಮೇಲೆ ಕುಳಿತು ಕೇಳುವ ಮೊದಲ ಮಾತು ಒಂದೇ: “ಗುಣ ಕಂಡಿತೆ?” ಜ್ವರ ಇಳಿದು, ಮಗು ಎದ್ದು ಕುಳಿತು, ಗಂಜಿ ಬೇಡ, ಅಕ್ಕಿರೊಟ್ಟಿಯೇ ಬೇಕೆಂದು ಹಟ ಹಿಡಿಯಿತೆಂದರೆ ಗುಣ ಕಂಡಿತೆಂದೇ ಅರ್ಥ. ಅಂದಿನಿಂದ ಮದ್ದಿನ ಸೀಸೆ ಗೂಡಿನೊಳಕ್ಕೆ ಸರಿಯುವುದು. ಅದರಲ್ಲಿ ಉಳಿದುದು ಉಳಿದಂತೆಯೇ ಇದ್ದುಬಿಡುವುದು. ಕಂಡ ಗುಣವನ್ನೇ ಆದ ಗುಣವೆಂದು ನಂಬುವುದು ಮನುಷ್ಯಸಹಜ. ಅನೇಕ ಸಣ್ಣ ಬೇನೆಗಳಲ್ಲಿ ಆ ನಂಬಿಕೆ ಸುಳ್ಳಾಗುವುದೂ ಇಲ್ಲ. ಆದರೆ ಗುಣ ಕಾಣುವುದು ಬೇರೆ, ಗುಣವಾಗುವುದು ಬೇರೆ ಎಂಬ ಪಾಠವನ್ನು ಬಹು ಕಠಿನವಾಗಿ ಕಲಿಸುವ ರೋಗವೊಂದುಂಟು. ಅದು ಎಳೆಯ ಮಕ್ಕಳ ರಕ್ತಕ್ಕೆ ತಗಲುವ ಅರ್ಬುದ. ಜನರು ಬ್ಲಡ್ ಕ್ಯಾನ್ಸರ್ ಎಂದೂ ವೈದ್ಯರು ಲುಕೇಮಿಯ ಎಂದೂ ಕರೆಯುವುದು ಇದನ್ನೇ. ಮಕ್ಕಳಿಗೆ ಬರುವ ಅರ್ಬುದಗಳಲ್ಲೆಲ್ಲ ಸುಮಾರು ಮೂರರಲ್ಲಿ ಒಂದು ಪಾಲು ಇದೇ ಆಗಿದೆ.

ಎಲುಬಿನೊಳಗಿನ ಮಜ್ಜೆಯೇ ರಕ್ತದ ತವರು. ಅಲ್ಲಿ ಹುಟ್ಟಿ, ಬಲಿತು, ದೇಹದ ಕಾವಲಿಗೆ ಹೊರಡಬೇಕಾದ ಬಿಳಿಯ ಕಣಗಳು ಬಲಿಯದೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ತುಂಬಿಕೊಂಡಾಗ ಉಳಿದ ಕಣಗಳಿಗೆ ಸ್ಥಳವೇ ಇಲ್ಲದಾಗುವುದು. ಕೆಂಪುಕಣ ಕಡಿಮೆಯಾಗಿ ಮಗು ಬಿಳಿಚಿಕೊಳ್ಳುವುದು. ರಕ್ತ ಹೆಪ್ಪುಗಟ್ಟಿಸುವ ಕಣ ಕಡಿಮೆಯಾಗಿ ಬೀಳದೆಯೂ ಮೈಮೇಲೆ ನೀಲಿಯ ಕಲೆಗಳು ಏಳುವುವು. ಕಾವಲು ತಪ್ಪಿದುದರಿಂದ ಜ್ವರ ಬಿಟ್ಟು ಬಿಟ್ಟು ಬರುವುದು. ಮಜ್ಜೆ ಕಿಕ್ಕಿರಿದು ಎಲುಬು ನೋಯುವುದು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ತಾಯಿ ಬಸುರಿಯಾಗಿದ್ದಾಗ ಏನೋ ತಿಂದುದರಿಂದಾಗಲಿ, ತಂದೆ ಎಲ್ಲಿಯೋ ನಡೆ ತಪ್ಪಿದುದರಿಂದಾಗಲಿ ಬಂದುದೆಂದು ಹೇಳುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯವೂ ಹೌದು.

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹೋಬಳಿಯಲ್ಲಿ ಕಾಫಿಯ ತೋಟವೊಂದರ ರೈಟರ ಮನೆಗೆ ಈ ರೋಗ ಬಂದುದು ಮಳೆಗಾಲದಲ್ಲಿ. ಆ ಸೀಮೆಯಲ್ಲಿ ಆಷಾಢದ ಜ್ವರವೆಂಬುದು ಯಾರೂ ತಲೆಯೆತ್ತಿ ಕೇಳುವ ಸುದ್ದಿಯಲ್ಲ. ಒಂದನೆಯ ತರಗತಿಯಲ್ಲಿ ಓದುತ್ತಿದ್ದ ಆರು ವರ್ಷದ ಹುಡುಗನಿಗೆ ಜ್ವರ ಬಂದಾಗ ನೆನೆದದ್ದರಿಂದ ಎಂದುಕೊಂಡರು. ರಾತ್ರಿ ಕಾಲು ನೋಯುತ್ತದೆಂದು ಅತ್ತಾಗ ಬೆಳೆಯುವ ಹುಡುಗ ಎಂದುಕೊಂಡು ಎಣ್ಣೆ ತಿಕ್ಕಿದರು. ಮುಖ ಬಿಳಿಚಿದಾಗ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಎರಡು ವಾರ ಕಳೆದು, ಮೊಣಕಾಲಿನ ಕೆಳಗೆ ನೇರಿಳೆ ಬಣ್ಣದ ಕಲೆಗಳು ಕಂಡ ಮೇಲೆ ತಾಯಿಯ ಮನಸ್ಸು ತಡೆಯಲಿಲ್ಲ. ಸಕಲೇಶಪುರದ ವೈದ್ಯರು ರಕ್ತವನ್ನು ಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ಎರಡು ಸಲ ಓದಿ, ಹಾಸನಕ್ಕೆ ಹೋಗಿರೆಂದರು. ಹಾಸನದವರು ಅಂದಿನ ರಾತ್ರಿಯೇ ಬೆಂಗಳೂರಿಗೆ ಹೊರಡಿಸಿದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಜ್ಜೆಯ ಪರೀಕ್ಷೆ ಮುಗಿದ ಮೇಲೆ ಮಕ್ಕಳ ವೈದ್ಯೆಯೊಬ್ಬರು ತಾಯಿತಂದೆಯರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ರೋಗದ ಹೆಸರನ್ನು ಮರೆಮಾಚದೆ ಹೇಳಿದರು.

“ಇದು ವಾಸಿಯಾಗಬಲ್ಲ ರೋಗ. ನಿಮ್ಮ ಮಗನಿಗೆ ಬಂದಿರುವ ಬಗೆಯಲ್ಲಿ ವಾಸಿಯಾಗುವವರೇ ಹೆಚ್ಚು. ಆದರೆ ಎರಡೂವರೆ ವರ್ಷ ಮದ್ದು ನಡೆಯಬೇಕು. ನಡುವೆ ಬಿಡುವಂತಿಲ್ಲ.”

ರೈಟರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಎರಡೂವರೆ ತಿಂಗಳೇನಮ್ಮ?”

“ಅಲ್ಲ, ವರ್ಷ.”

ಇಷ್ಟು ದೀರ್ಘಕಾಲ ಏಕೆ ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ದೊರೆಯಲು ಲೋಕಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅದರ ಬೆಲೆಯನ್ನು ತೆತ್ತವರೆಲ್ಲ ಮಕ್ಕಳೇ. ಆ ಕಥೆಯ ಆರಂಭದಲ್ಲಿ ಭಾರತದ ಹೆಸರೂ ಸೇರಿರುವುದು ಅನೇಕರಿಗೆ ತಿಳಿಯದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಅಲ್ಲಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರ ರಕ್ತಹೀನತೆಯನ್ನು ಕುರಿತು ಶೋಧ ನಡೆಸಿದರು. ಯೀಸ್ಟಿನ ಸಾರವನ್ನು ಕೊಟ್ಟರೆ ಅವರ ರಕ್ತ ತುಂಬಿಕೊಳ್ಳುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿ ಅಡಗಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ರಕ್ತವನ್ನು ಬೆಳೆಸುವ ಈ ವಸ್ತುವನ್ನು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಂದಾಳು ಯಲ್ಲಾಪ್ರಗಡ ಸುಬ್ಬರಾವ್. ಇವರು 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಕಲಿತು ಕಡಲು ದಾಟಿದವರು.

ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಲುಕೇಮಿಯ ಬಂದ ಮಕ್ಕಳಿಗೆ ಫೋಲಿಕ್ ಆಮ್ಲವನ್ನು ಕೊಟ್ಟರೆ ರೋಗ ಇಳಿಯುವುದಕ್ಕೆ ಬದಲಾಗಿ ಭರದಿಂದ ಏರುವಂತೆ ಅವರಿಗೆ ಕಂಡಿತು. ಹಾಗಾದರೆ ಆ ಆಹಾರವನ್ನು ರೋಗದ ಬಾಯಿಂದ ತಪ್ಪಿಸಿದರೆ ಹೇಗೆ? ನೋಡಲು ಫೋಲಿಕ್ ಆಮ್ಲದಂತೆಯೇ ಇದ್ದು, ಕಣದೊಳಗೆ ಹೊಕ್ಕ ಮೇಲೆ ಅದರ ಕೆಲಸವನ್ನು ಕೆಡಿಸುವ ಅಮಿನೋಪ್ಟೆರಿನ್ ಎಂಬ ಮದ್ದನ್ನು ಸುಬ್ಬರಾವ್ ಅವರ ತಂಡ ಒದಗಿಸಿತು. 1947ರ ಕೊನೆಯಲ್ಲಿ ಫಾರ್ಬರರು ಅದನ್ನು ಪ್ರಯೋಗಿಸತೊಡಗಿದರು. ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಸಾಯುವರೆಂದು ಎಲ್ಲರೂ ಕೈಬಿಟ್ಟಿದ್ದ 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿತೆಂದು 1948ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಹಾಸಿಗೆ ಹಿಡಿದ ಮಕ್ಕಳು ಎದ್ದು ಆಡಿದರು. ಅದಾದ ಎರಡು ತಿಂಗಳಿಗೆ, ಆಗಸ್ಟಿನಲ್ಲಿ, ಸುಬ್ಬರಾವ್ ತೀರಿಕೊಂಡರು. ಅಮಿನೋಪ್ಟೆರಿನ್ನಿನ ಒಡಹುಟ್ಟೆನ್ನಬಹುದಾದ ಮೆಥೊಟ್ರೆಕ್ಸೇಟ್ ಎಂಬ ಮದ್ದು ಇಂದಿಗೂ ಈ ರೋಗದ ಚಿಕಿತ್ಸೆಯಲ್ಲಿ ನಡೆಯುತ್ತಿದೆ.

ಆದರೆ ಬಾಸ್ಟನ್ನಿನ ಮಕ್ಕಳಿಗೆ ಕಂಡ ಗುಣ ನಿಲ್ಲಲಿಲ್ಲ. ಕೆಲವು ತಿಂಗಳಲ್ಲಿ ರೋಗ ಮರಳಿತು. ಮರಳಿದ ರೋಗ ಹಳೆಯ ಮದ್ದಿಗೆ ಮಣಿಯಲಿಲ್ಲ. ಇದರ ಒಳಗುಟ್ಟು ಬರಬರುತ್ತ ತಿಳಿಯಿತು. ರೋಗ ಬೆಳಕಿಗೆ ಬರುವ ಹೊತ್ತಿಗೆ ಮಗುವಿನ ಮೈಯಲ್ಲಿ ಕೆಟ್ಟ ಕಣಗಳು ಸುಮಾರು ಒಂದು ಲಕ್ಷ ಕೋಟಿಯಷ್ಟಿರುವುವು. ಮೊದಲ ನಾಲ್ಕೈದು ವಾರಗಳ ಮದ್ದಿನಿಂದ ಅವುಗಳಲ್ಲಿ ಬಹುಪಾಲು ನಾಶವಾಗಿ, ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಶುದ್ಧವಾಗಿ ತೋರುವುದು. ಇಂದು 100 ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಂದಿ ಈ ಹಂತವನ್ನು ಮುಟ್ಟುತ್ತಾರೆ. ಆದರೆ ಹಾಗೆ ಶುದ್ಧವಾಗಿ ತೋರುವಾಗಲೂ ನೂರು ಕೋಟಿಯಿಂದ ಸಾವಿರ ಕೋಟಿ ಕಣಗಳು ಕಣ್ಣಿಗೆ ಬೀಳದೆ ಉಳಿದಿರಬಹುದು.

ತೋಟದವರಿಗೆ ಈ ಮಾತು ಹೊಸದಲ್ಲ. ಅರೇಬಿಕಾ ಗಿಡದ ಕಾಂಡದೊಳಗೆ ಬೋರರ್ ಹುಳು ಸೇರಿದಾಗ ಬಹುಕಾಲ ಎಲೆ ಹಸುರಾಗಿಯೇ ಇರುವುದು, ಹೂವೂ ಬರುವುದು. ಆದುದರಿಂದಲೇ ಬಲ್ಲ ಬೆಳೆಗಾರನು ವರ್ಷಕ್ಕೆ ಎರಡು ಸಲ, ಹುಳು ರೆಕ್ಕೆ ಬಂದು ಹೊರಡುವ ಮೊದಲೇ, ಗಿಡಗಿಡವನ್ನೂ ತಡವಿ ನೋಡಿ, ಹುಳು ಹಿಡಿದುದನ್ನು ಕಿತ್ತು ಸುಡಿಸುತ್ತಾನೆ. ಎಲೆಯ ಹಸುರನ್ನು ನಂಬಿ ಒಂದು ವರ್ಷ ಸುಮ್ಮನಿದ್ದವನ ತೋಟದ ಗತಿಯೇನೆಂದು ಹಾನುಬಾಳಿನಲ್ಲಿ ಯಾರನ್ನು ಕೇಳಿದರೂ ಹೇಳುವರು.

ಅಡಗಿ ಕುಳಿತ ಕಣಗಳನ್ನು ಹಿಡಿಯಲು ಒಂದು ಮದ್ದು ಸಾಲದೆಂದೂ, ಹಲವು ಮದ್ದುಗಳು ಹಲವು ದಾರಿಗಳಿಂದ ಕೂಡಿ ನುಗ್ಗಬೇಕೆಂದೂ, ಗುಣ ಕಂಡ ಮೇಲೂ ವರ್ಷಗಟ್ಟಲೆ ಬಿಡದೆ ನಡೆಸಬೇಕೆಂದೂ ನಿಶ್ಚಯವಾದುದು ಹೀಗೆ. 1951ರಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬವರ ಪ್ರಯೋಗಶಾಲೆಯಿಂದ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಗುಳಿಗೆ ಬಂದಿತು. 1988ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. 1963ರಲ್ಲಿ ವಿನ್‌ಕ್ರಿಸ್ಟೀನ್ ಎಂಬ ಮದ್ದು ಬಳಕೆಗೆ ಬಂದಿತು. ಇದನ್ನು ತೆಗೆಯುವುದು ಕರ್ನಾಟಕದ ಎಷ್ಟೋ ಮನೆಗಳ ಅಂಗಳದಲ್ಲಿ ನಗುವ ನಿತ್ಯಪುಷ್ಪದಿಂದ, ಎಂದರೆ ಕಾಶಿಕಣಗಿಲೆಯ ಗಿಡದಿಂದ. 1962ರ ಫೆಬ್ರವರಿಯಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ತೆರೆಯಿತು. ಅಲ್ಲಿಯ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಈ ಮದ್ದುಗಳನ್ನೆಲ್ಲ ಒಂದು ಕ್ರಮದಲ್ಲಿ ಹೊಂದಿಸಿದರು. ರೋಗ ಮಿದುಳು ಮತ್ತು ಬೆನ್ನುಹುರಿಯ ನೀರಿನಲ್ಲಿ ಅಡಗದಂತೆ ಅಲ್ಲಿಗೂ ಚಿಕಿತ್ಸೆ ನಡೆಸಿದರು. ಗುಣ ಕಂಡ ಬಳಿಕವೂ ಸುಮಾರು ಮೂರು ವರ್ಷ ಮದ್ದು ಬಿಡಲಿಲ್ಲ. 1967ರಲ್ಲಿ ತೊಡಗಿದ ಅವರ ಐದನೆಯ ಪ್ರಯೋಗದಲ್ಲಿ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಿಜವಾಗಿ ಬದುಕಿ ಉಳಿದರು. ಗುಣ ಕಾಣುವುದಕ್ಕೂ ಗುಣವಾಗುವುದಕ್ಕೂ ನಡುವಣ ದಾರಿಯನ್ನು ಮನುಷ್ಯರು ನಡೆದು ಮುಗಿಸಿದುದು ಅದೇ ಮೊದಲು.

ರೈಟರ ಮನೆಯವರು ನಡೆಯಬೇಕಾದುದೂ ಅದೇ ದಾರಿಯನ್ನು. ಮೊದಲ ತಿಂಗಳ ಕೊನೆಗೆ ಮಜ್ಜೆ ಶುದ್ಧವಾಗಿದೆಯೆಂದು ವೈದ್ಯೆ ಹೇಳಿದರು. ಮುಂದಿನ ಏಳೆಂಟು ತಿಂಗಳು ತಾಯಿ ಮಗನೊಡನೆ ಬೆಂಗಳೂರಿನಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿದ್ದಳು; ಊರಿನಲ್ಲಿ ಕೈಗೂಸನ್ನು ಅಜ್ಜಿ ಸಾಕಿದರು; ಮನೆಯ ಹಸು ಮಾರಾಟವಾಯಿತು. ಹುಡುಗನ ತಲೆ ಬೋಳಾಯಿತು, ಬಾಯಿ ಹುಣ್ಣಾಯಿತು, ಬೆನ್ನಿಗೆ ಚುಚ್ಚುವ ದಿನ ಬಂದರೆ ಮುಂಜಾನೆಯಿಂದಲೇ ಮಾತು ನಿಲ್ಲುತ್ತಿತ್ತು. ಆ ದಿನಗಳಲ್ಲಿ ಮದ್ದು ಬಿಡುವ ಯೋಚನೆ ಯಾರಿಗೂ ಬರಲಿಲ್ಲ. ಕಷ್ಟ ಕಣ್ಣಿಗೆ ಕಾಣುತ್ತಿರುವಾಗ ಮನುಷ್ಯನಿಗೆ ಧೈರ್ಯ ತಾನಾಗಿಯೇ ಬರುವುದು.

ಪರೀಕ್ಷೆ ಬಂದುದು ಸುಖ ಮರಳಿದ ಮೇಲೆ. ಹುಡುಗ ಊರಿಗೆ ಬಂದ, ಕೂದಲು ದಟ್ಟವಾಗಿ ಬೆಳೆಯಿತು, ಶಾಲೆಗೆ ಹೋದ, ಹಳ್ಳದಲ್ಲಿ ಏಡಿ ಹಿಡಿಯಲು ಹೋಗಿ ಬೈಸಿಕೊಂಡ. ಇನ್ನು ಉಳಿದಿದ್ದುದು ರಾತ್ರಿಗೊಂದು ಗುಳಿಗೆ, ವಾರಕ್ಕೊಮ್ಮೆ ಮತ್ತೊಂದು, ಕ್ಲುಪ್ತಕಾಲಕ್ಕೆ ಬೆಂಗಳೂರಿನ ಪ್ರಯಾಣ. ಹಾನುಬಾಳಿನಿಂದ ಸಕಲೇಶಪುರ, ಅಲ್ಲಿಂದ ಹಾಸನ, ಅಲ್ಲಿಂದ ಬೆಂಗಳೂರು. ಹೋಗಿ ಬರುವಷ್ಟರಲ್ಲಿ ಎರಡು ದಿನದ ಸಂಬಳ ಹೋಗುವುದು. ಪುಷ್ಯಮಾಸ ಬಂದಿತು, ತೋಟದಲ್ಲಿ ಹಣ್ಣು ಕುಯ್ಯುವ ಕಾಲ. ರೈಟರಿಗೆ ಒಂದು ದಿನವೂ ಬಿಡುವಿಲ್ಲ.

ಅಜ್ಜಿ ಒಂದು ಸಂಜೆ ಮಗನೊಡನೆ ಹೇಳಿದರು: “ಹುಡುಗ ಗುಂಡುಕಲ್ಲಿನ ಹಾಗಿದ್ದಾನಲ್ಲೋ. ಸಕಲೇಶ್ವರಸ್ವಾಮಿಗೆ ಹೇಳಿಕೊಂಡಿದ್ದೆ, ನಡೆಸಿಕೊಟ್ಟ. ಇನ್ನೂ ಆ ವಿಷವನ್ನು ಯಾಕೆ ಅವನ ಹೊಟ್ಟೆಗೆ ಹಾಕುತ್ತೀರಿ?”

“ಅವ್ವ, ಡಾಕ್ಟರಮ್ಮ ಬಿಡಬೇಡಿ ಅಂದಿದ್ದಾರೆ.”

“ಅವರು ನೋಡಿದ್ದು ರೋಗದ ಹುಡುಗನನ್ನ. ಈಗ ಬಂದು ನೋಡಲಿ.”

ಪಕ್ಕದ ಮನೆಯ ಹಿರಿಯರೊಬ್ಬರು ಇನ್ನೊಂದು ಉಪಾಯವನ್ನು ತಂದರು. ಈ ರೋಗದ ಮದ್ದನ್ನು ನಿತ್ಯಪುಷ್ಪದಿಂದ ಮಾಡುವರೆಂದು ಅವರು ಎಲ್ಲಿಯೋ ಓದಿದ್ದರು. “ಗಿಡ ಹಿತ್ತಿಲಲ್ಲೇ ಇರುವಾಗ ಬೆಂಗಳೂರಿಗೆ ಯಾಕಯ್ಯ ದುಡ್ಡು ಸುರಿಯುತ್ತೀ? ಎಲೆ ಅರೆದು ಕಷಾಯ ಮಾಡಿ ಕೊಡು.” ಹೇಳಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ; ಅವರು ಓದಿದುದೂ ಸುಳ್ಳಲ್ಲ. ಆದರೆ ಟನ್ನುಗಟ್ಟಲೆ ಒಣಗಿದ ಎಲೆಯಿಂದ ಆ ಮದ್ದು ದೊರೆಯುವುದು ಕೆಲವೇ ಗ್ರಾಮು. ಮಗುವಿಗೆ ಒಂದು ಸಲಕ್ಕೆ ಕೊಡುವುದು ಒಂದೆರಡು ಮಿಲಿಗ್ರಾಮು, ಅದೂ ನರದ ಮೂಲಕವೇ. ಅರೆದು ಕುಡಿಸಿದ ಎಲೆಯಲ್ಲಿ ವಿಷವೆಷ್ಟು ಮದ್ದೆಷ್ಟು ಎಂದು ಯಾರೂ ಅಳೆಯಲಾರರು. ಗಿಡದಲ್ಲಿ ಮದ್ದಿದೆಯೆಂಬುದು ಒಂದು ಜ್ಞಾನ. ಅದನ್ನು ಅಳೆದು ಕೊಡುವುದು ಅದಕ್ಕಿಂತ ದೊಡ್ಡ ಜ್ಞಾನ.

ರೈಟರು ಎರಡು ದಿನ ತೂಗಾಡಿದರು. ಆ ಎರಡು ರಾತ್ರಿ ಹುಡುಗನಿಗೆ ಗುಳಿಗೆ ಸೇರಲಿಲ್ಲ. ಮೂರನೆಯ ದಿನ ತೋಟದ ಚೆಕ್‌ರೋಲ್ ಪುಸ್ತಕವನ್ನು ಬರೆಯುತ್ತ ಕುಳಿತಾಗ ಅವರ ಕೈ ನಿಂತಿತು. ಆಳುಗಳ ಹಾಜರಿಯಲ್ಲಿ ಒಂದು ಗೆರೆ ತಪ್ಪಿದರೆ ವಾರದ ಬಟವಾಡೆಯೇ ತಪ್ಪುವುದು. ಹದಿನೈದು ವರ್ಷದಲ್ಲಿ ಅವರು ಒಂದು ಗೆರೆಯನ್ನೂ ತಪ್ಪಿಸಿದವರಲ್ಲ. ಅಂದು ಸಂಜೆ ಮನೆಗೆ ಬರುವಾಗ ಅಂಗಡಿಯಿಂದ ಒಂದು ಪುಸ್ತಕವನ್ನು ಕೊಂಡು ತಂದರು. ಬೆಂಗಳೂರಿಗೆ ಫೋನು ಮಾಡಿ, ತಪ್ಪಿಹೋದುದನ್ನು ಒಪ್ಪಿಕೊಂಡು, ಮುಂದೇನು ಮಾಡಬೇಕೆಂದು ಕೇಳಿದರು. ತಪ್ಪಿದುದನ್ನು ಸೇರಿಸಿ ಕೊಡಬೇಡಿ, ಇಂದಿನಿಂದ ಎಂದಿನಂತೆ ಕೊಡಿ ಎಂದು ಅಲ್ಲಿಂದ ಉತ್ತರ ಬಂದಿತು. ಅಂದಿನಿಂದ ಪ್ರತಿ ರಾತ್ರಿಯೂ ಗುಳಿಗೆ ಗಂಟಲಿಳಿದ ಮೇಲೆ ಒಂದು ಗೆರೆ. ಆ ಗೆರೆಯನ್ನು ಎಳೆಯುವ ಅಧಿಕಾರ ಹುಡುಗನದಾಯಿತು. ಕೆಲವು ದಿನಗಳ ಮೇಲೆ, ಗೆರೆ ಎಳೆಯದೆ ಮಲಗಿದ ಮೊಮ್ಮಗನನ್ನು ಎಬ್ಬಿಸುತ್ತಿದ್ದವರು ಆ ಅಜ್ಜಿಯೇ.

ಇಂತಹ ಗೆರೆಗಳ ಬೆಲೆಯನ್ನು ಶಾಸ್ತ್ರಜ್ಞರು ಅಳೆದಿದ್ದಾರೆ. ಸ್ಮಿತಾ ಭಾಟಿಯಾ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಮಕ್ಕಳ ಮದ್ದಿನ ಸೀಸೆಗಳಿಗೆ, ಮುಚ್ಚಳ ತೆರೆದಾಗಲೆಲ್ಲ ಗುರುತಿಟ್ಟುಕೊಳ್ಳುವ ಯಂತ್ರವನ್ನು ಅಳವಡಿಸಿ ನೋಡಿದರು. ನೂರು ಗುಳಿಗೆಯಲ್ಲಿ 95ಕ್ಕಿಂತ ಕಡಿಮೆ ನುಂಗಿದ ಮಕ್ಕಳಿಗೆ ರೋಗ ಮರಳುವ ಸಂಭವ ಎರಡು ಪಟ್ಟಿಗೂ ಹೆಚ್ಚೆಂದು 2012ರಲ್ಲಿ ಪ್ರಕಟಿಸಿದರು. ನೂರಕ್ಕೆ ಐದು ಎಂದರೆ ತಿಂಗಳಿಗೆ ಒಂದೂವರೆ ಗುಳಿಗೆ. ಮರೆವಿಗೆ ಇಷ್ಟು ಕಡಿಮೆ ಎಡೆಯಿರುವ ಕೆಲಸ ಸಂಸಾರದಲ್ಲಿ ಮತ್ತೊಂದಿರಲಾರದು.

ಭಾರತದಲ್ಲಿ ಈ ರೋಗದ ಚರಿತ್ರೆಯೂ ಇದನ್ನೇ ಹೇಳುವುದು. 1984ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಮದರಾಸಿನ ಅಡಯಾರಿನ ಕ್ಯಾನ್ಸರ್ ಸಂಸ್ಥೆ, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಈ ಮೂರೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯನ್ ಮಗ್ರಾತ್ ಅವರ ನೆರವಿನಿಂದ, ಇಲ್ಲಿಯ ಅನುಕೂಲಗಳಿಗೆ ಹೊಂದುವ ಒಂದೇ ಚಿಕಿತ್ಸಾಕ್ರಮವನ್ನು ಕೈಕೊಂಡವು. ಎಂ.ಸಿ.ಪಿ. 841 ಎಂದು ಅದರ ಹೆಸರು. 25 ವರ್ಷದೊಳಗಿನ 1048 ರೋಗಿಗಳ ಫಲಿತಾಂಶ 2005ರಲ್ಲಿ ಹೊರಬಂದಿತು. ನಾಲ್ಕು ವರ್ಷದ ಬಳಿಕ ರೋಗ ಮರಳದೆ ಬದುಕಿದ್ದವರು ಆಯಾ ಆಸ್ಪತ್ರೆಗೆ ತಕ್ಕಂತೆ 100ಕ್ಕೆ 41ರಿಂದ 60. ಮದ್ದು ಈ ದೇಶದ ಮಕ್ಕಳನ್ನೂ ಬದುಕಿಸುವುದೆಂದು ಅಲ್ಲಿಗೆ ಸಿದ್ಧವಾಯಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಲೋಕದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಎಳೆಯರಿಗೆ ಅರ್ಬುದ ಬರುವಾಗ, ಸಿರಿವಂತ ದೇಶಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿ ವಾಸಿಯಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ 30ಕ್ಕೂ ಕಡಿಮೆ. ಇದಕ್ಕೆ ಹೇಳುವ ಕಾರಣಗಳಲ್ಲಿ ರೋಗವನ್ನು ತಡವಾಗಿ ಗುರುತಿಸುವುದು ಒಂದು, ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುವುದು ಇನ್ನೊಂದು.

ಬಿಟ್ಟುಹೋಗುವವರನ್ನು ಅವಿವೇಕಿಗಳೆಂದು ಹಳಿಯುವುದು ಸುಲಭ. ಆದರೆ ಮುಂಬಯಿಯ ಟಾಟಾ ಆಸ್ಪತ್ರೆಯ ಮಕ್ಕಳ ವಿಭಾಗದವರು ಹಳಿಯುವುದಕ್ಕೆ ಬದಲು ವಿಚಾರಿಸಿದರು. ಹಣವಿಲ್ಲ, ಉಳಿಯಲು ಜಾಗವಿಲ್ಲ, ಊಟವಿಲ್ಲ, ಊರಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲ: ಉತ್ತರಗಳು ಹೀಗಿದ್ದುವು. ಅವನ್ನೊಂದೊಂದಾಗಿ ಒದಗಿಸುತ್ತ ಬಂದಂತೆ, 2009ರ ಸುಮಾರಿಗೆ ಐವರಲ್ಲಿ ಒಬ್ಬರಂತೆ ಬಿಟ್ಟುಹೋಗುತ್ತಿದ್ದ ಸಂಸಾರಗಳು, ಕೆಲವೇ ವರ್ಷಗಳಲ್ಲಿ ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆಯಾದುವು. ಹೊಸ ಮದ್ದೇನೂ ಬಂದಿರಲಿಲ್ಲ. ಅನ್ನ, ಆಶ್ರಯ, ವಿಚಾರಣೆಗಳೇ ಮದ್ದಾದುವು. ಕರ್ನಾಟಕದಲ್ಲಿ 1973ರಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಬಡವರಿಗೆ ಬಾಗಿಲು ತೆರೆದಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬದ ಆಸ್ಪತ್ರೆಯ ವೆಚ್ಚವನ್ನು ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಹಿಸುವುದು. ಆದರೆ ತಪ್ಪಿದ ಸಂಬಳ, ಕೋಣೆಯ ಬಾಡಿಗೆ, ಮಾರಿದ ಹಸು ಇವು ಯಾವ ಯೋಜನೆಯ ಪಟ್ಟಿಯಲ್ಲಿಯೂ ಸುಲಭವಾಗಿ ಸೇರುವುವಲ್ಲ.

ಮಕ್ಕಳಿಗೆ ಎಷ್ಟು ಮದ್ದು ಬೇಕೆಂಬ ಶೋಧದ ಜೊತೆಗೆ ಎಷ್ಟು ಬೇಡ ಎಂಬ ಶೋಧವೂ ನಡೆದಿದೆ. ಪಿಂಕೆಲ್ ಅವರ ಕಾಲದಲ್ಲಿ ತಲೆಗೆ ಕಿರಣಗಳನ್ನು ಹಾಯಿಸುತ್ತಿದ್ದರು. ಅದರಿಂದ ಬದುಕಿದ ಮಕ್ಕಳಲ್ಲಿ ಕೆಲವರ ಬುದ್ಧಿ ಬೆಳವಣಿಗೆಗಳಿಗೆ ಕುಂದುಂಟಾಯಿತು. ಕಿರಣವಿಲ್ಲದೆಯೂ ವಾಸಿಮಾಡಬಹುದೆಂದು ಸೇಂಟ್ ಜೂಡ್‌ನ ಚಿಂಗ್ ಹಾನ್ ಪೂಯಿ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಅವರ ಪ್ರಯೋಗದಲ್ಲಿ ಐದು ವರ್ಷದ ಬಳಿಕ 100ಕ್ಕೆ 93 ಮಕ್ಕಳು ಬದುಕಿದ್ದರು. ಸೂಕ್ಷ್ಮದರ್ಶಕಕ್ಕೆ ಕಾಣದ ಕಣಗಳನ್ನೂ ಎಣಿಸುವ ಪರೀಕ್ಷೆಗಳು ಈಗ ಬಂದಿವೆ. ಯಾವ ಮಗುವಿಗೆ ಮದ್ದು ಹೆಚ್ಚಬೇಕು, ಯಾವುದಕ್ಕೆ ತಗ್ಗಿಸಬಹುದು ಎಂದು ಅವುಗಳ ನೆರವಿನಿಂದ ನಿರ್ಣಯಿಸುತ್ತಾರೆ. ಭಾರತದ ಹಲವು ಆಸ್ಪತ್ರೆಗಳೂ ಕೂಡಿ ಇಂತಹ ಪ್ರಯೋಗವನ್ನು ನಡೆಸಿವೆ.

ರೈಟರ ಮಗನ ಪುಸ್ತಕ ತುಂಬಿತು. ಕೊನೆಯ ಗೆರೆ ಬಿದ್ದಾಗ ಹುಡುಗ ಮೂರನೆಯ ತರಗತಿಯನ್ನು ಮುಗಿಸುವುದರಲ್ಲಿದ್ದ. ಅಷ್ಟರೊಳಗೆ ಮಳೆಗಾಲದ ಒಂದು ನಡುರಾತ್ರಿ ಜ್ವರವೇರಿ, ತೋಟದ ಸಾಹುಕಾರರ ಜೀಪಿನಲ್ಲಿ ಹಾಸನಕ್ಕೆ ಓಡಬೇಕಾಗಿ ಬಂದುದೂ ಉಂಟು. ಈ ಮದ್ದು ನಡೆಯುವಾಗ ಜ್ವರವೆಂದರೆ ಬೆಳಗಾಗಲೆಂದು ಕಾಯುವಂತಿಲ್ಲ. ಮದ್ದು ನಿಂತ ಮೇಲೂ ವರ್ಷಗಟ್ಟಲೆ ಪರೀಕ್ಷೆಗೆ ಬರುತ್ತಿರಬೇಕೆಂದು ವೈದ್ಯೆ ಹೇಳಿದಾಗ ರೈಟರು, “ಆಗಲಮ್ಮ” ಎಂದರು. ಈ ಸಲ ಎಷ್ಟು ವರ್ಷವೆಂದು ಕೇಳಲಿಲ್ಲ.

ಊರಿನ ವಿದ್ಯಾವಂತರಿಗೆ ಈ ವಿಷಯದಲ್ಲಿ ಮಾಡಲು ಕೆಲಸವುಂಟು. ಎರಡು ವಾರ ಮೀರಿದ ಜ್ವರ, ಕಾರಣವಿಲ್ಲದ ಬಿಳಿಚು, ಬೀಳದೆ ಎದ್ದ ಕಲೆ, ರಾತ್ರಿ ಎಬ್ಬಿಸುವ ಎಲುಬುನೋವು, ಕುತ್ತಿಗೆಯ ಕರಗದ ಗಂಟು, ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತಹ ಬಿಳಿಯ ಹೊಳಪು, ಇವುಗಳಲ್ಲಿ ಯಾವುದನ್ನು ಕಂಡರೂ ವೈದ್ಯರಲ್ಲಿಗೆ ಕಳುಹಿಸುವುದು ಮೊದಲನೆಯದು. ಮನೆಗೆ ಮರಳಿದ ಮಗುವಿನ ಸಂಸಾರವನ್ನು ಮರೆಯದಿರುವುದು ಎರಡನೆಯದು. ರೋಗ ಬಂದ ವಾರದಲ್ಲಿ ಜಗಲಿ ತುಂಬ ಜನ ಬರುವರು. ಎರಡನೆಯ ವರ್ಷದಲ್ಲಿ, ಮಗು ಆಡುತ್ತಿರುವಾಗ, ಬಸ್ಸಿನ ಖರ್ಚಿಗೆ ಇದೆಯೇ ಎಂದು ಕೇಳುವವರು ವಿರಳ. “ಗುಣ ಕಂಡಿತೆ?” ಎಂದು ಕೇಳಿದವರು, ಗುಣ ಕಂಡಿದ್ದರೆ, ಇನ್ನೊಂದು ಮಾತನ್ನೂ ಕೇಳಿ ಏಳಬೇಕು: “ಇಂದಿನ ಗುಳಿಗೆ ಆಯಿತೆ?”